ಅಕ್ಕಿಕಾಳಿನ ಬಲದ ಭಾವ

ನಮ್ಮ ಭಾವನಿಗೆ ಅವಸರ ಎಂಬ ರೋಗ ಈವರೆಗೆ ಬಂದಿಲ್ಲ. ದಡಾರ, ಮಂಗನಬಾವು, ಟೈಫಾಯ್ಡ್ ಎಲ್ಲ ಕಾಲಕಾಲಕ್ಕೆ ಬಂದು ವಿಚಾರಿಸಿಕೊಂಡು ಹೋಗಿವೆಯಂತೆ. ಇದೊಂದು ಮಾತ್ರ ಅವರ ಹತ್ತಿರ ಸುಳಿದಿಲ್ಲ! ಅವರು ಕಾಫಿ ಕುಡಿಯಲು ಕೂತರೆ ಲೋಟ ಆರಿ, ಕೆನೆ ಕಟ್ಟಿ, ಅಕ್ಕ ಗೊಣಗುತ್ತ ಅದನ್ನು ಮತ್ತೆ ಬಿಸಿ ಮಾಡಿ ತಂದು, ಅದೂ ಆರಿದ ಮೇಲೆ ‘ಈಗ ಹದವಾಗಿದೆ’ ಎಂದು ಕುಡಿಯುತ್ತಾರೆ. ಇಂಥ ಮನುಷ್ಯ ಹೊಟ್ಟೆಪಾಡಿಗೆ ಏನು ಕೆಲಸ ಮಾಡಬಹುದು, ಹೇಳಿ ನೋಡೋಣ? ಹಳೆಯ ಕಡತಗಳ ಧೂಳು ಒರೆಸುವ ಕೆಲಸವೇ? ಅಲ್ಲ. ನೀವೊಂದು ಆಕಳಿಕೆ ತೆಗೆಯುವಷ್ಟರಲ್ಲಿ ಸಿಂಗಸಂದ್ರದಿಂದ ಹೊಸೂರು ತಲುಪಿಬಿಡುವ ವೇಗದಲ್ಲಿ ಆಕಾಶದಲ್ಲಿ ಸುತ್ತುತ್ತಿರುತ್ತವಲ್ಲ ಉಪಗ್ರಹಗಳು, ಅವಕ್ಕೆ ಎಂಜಿನ್ ಮಾಡುತ್ತಾರೆ!

ಭಾವ ಎಂದರೆ ನನ್ನ ಅಕ್ಕನ ಗಂಡ. ನಾವು ದಾವಣಗೆರೆ ಕಡೆಯವರು. ಅಕ್ಕ, ಭಾವ ಮತ್ತು ನಮ್ಮಮ್ಮ ಸಿಂಗಸಂದ್ರದ ಒಂದು ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯಲ್ಲಿದ್ದಾರೆ, ನಾನು ಅದೇ ಕಟ್ಟಡದ ಮೂರನೇ ಮಹಡಿಯಲ್ಲಿದ್ದೇನೆ. ನಾನು ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ಎಚ್‌ಆರ್. ಬೆಳಿಗ್ಗೆ ಎದ್ದರೆ ‘ಅರ್ಜೆಂಟ್’ ಎಂಬ ಪದವನ್ನು ಹಲ್ಲುಜ್ಜುವ ಮೊದಲೇ ಬಳಸುವವಳು. ಅಡುಗೆ ಮಾಡುವಾಗ ಕುಕ್ಕರಿಗೂ ಬೈಯುತ್ತೇನೆ. ನನ್ನಂಥ ನಾದಿನಿ, ಅವರಂಥ ಭಾವ, ಮಧ್ಯೆ ಒಂದೇ ಒಂದು ಸ್ಲ್ಯಾಬು! ಭಾವನನ್ನು ರೇಗಿಸುವ ಹಕ್ಕು ನಾದಿನಿಗೆ ಹೇಗೂ ಇದೆ. ಆ ಹಕ್ಕನ್ನು ನಾನು ಒಂದು ದಿನವೂ ಬಳಸದೆ ಬಿಟ್ಟಿಲ್ಲ.

ಅವರ ಸ್ಕೂಟರಿನ ವಿಷಯವನ್ನೇ ತೆಗೆದುಕೊಳ್ಳಿ. ಒಮ್ಮೆ ನನಗೆ ಆಫೀಸಿಗೆ ಹೊತ್ತಾಗಿತ್ತು. ‘ಬಾ, ಬಿಡ್ತೀನಿ’ ಎಂದರು. ಬುದ್ಧಿ ಎಲ್ಲಿಗೆ ಹೋಗಿತ್ತೋ, ಹತ್ತಿ ಕೂತೆ. ಹೊಸೂರು ರಸ್ತೆಯಲ್ಲಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಟ್ರಾಫಿಕ್ ಪೊಲೀಸಿನವನು ಕೈ ಅಡ್ಡ ಹಿಡಿದ.

“ಯಾಕ್ ಸಾರ್, ಗಾಡಿ ಕೆಟ್ಟೋಗಿದ್ಯಾ?”

“ಇಲ್ಲಪ್ಪ, ಚೆನ್ನಾಗಿದೆ.”

“ಪೆಟ್ರೋಲ್ ಖಾಲೀನಾ?”

“ಟ್ಯಾಂಕ್ ಫುಲ್ ಇದೆ.”

“ಮತ್ಯಾಕ್ ಸಾರ್ ಹಿಂಗ್ ಬರ್ತಿದೀರಾ? ಬಾಳೆಹಣ್ಣಿನ ತಳ್ಳೋ ಗಾಡಿಯವ್ನು ನಿಮ್ಮನ್ನ ಓವರ್‌ಟೇಕ್ ಮಾಡ್ಕೊಂಡ್ ಹೋದ್ನಲ್ಲ!”

ಭಾವ ಶಾಂತವಾಗಿ ವಿವರಿಸಿದರು. “ಮುಂದಿನ ಸಿಗ್ನಲ್ ಹಸಿರಾಗೋ ಹೊತ್ತಿಗೆ ಸರಿಯಾಗಿ ಅಲ್ಲಿರ್ಬೇಕು, ಬ್ರೇಕ್ ಮುಟ್ಟಬಾರ್ದು. ಬ್ರೇಕ್ ಹಾಕಿದ್ರೆ ಅಲ್ಲೀವರ್ಗೂ ಸುಟ್ಟ ಪೆಟ್ರೋಲೆಲ್ಲ ದಂಡ ಅಲ್ವಾ?”

ಪೊಲೀಸಿನವನು ನನ್ನನ್ನು ನೋಡಿದ. ನಾನು ಆಕಾಶ ನೋಡಿದೆ. “ಸಾರ್, ಜಾಸ್ತಿ ಸ್ಪೀಡಿಗೆ ನಮ್ಮತ್ರ ಕೇಸಿದೆ. ಈ ಸ್ಪೀಡಿಗೆ ಏನೂ ಇಲ್ಲ. ಹೋಗ್ಬನ್ನಿ” ಎಂದು ಕೈಮುಗಿದ. ನಾನು ಅಲ್ಲೇ ಇಳಿದು ಆಟೋ ಹಿಡಿದೆ. ಆ ಆಟೋ ಮುಂದಿನ ಸಿಗ್ನಲ್ಲಿನಲ್ಲಿ ಗಕ್ಕನೆ ನಿಂತು, ಅದರ ಮುಂದಿನದರಲ್ಲೂ ನಿಂತು, ನಾನು ಡ್ರೈವರ್ ಜೊತೆ ಜಗಳವಾಡುತ್ತಿದ್ದಾಗ ಪಕ್ಕದಲ್ಲೇ ನಮ್ಮ ಭಾವ ಮೆಲ್ಲಗೆ, ಒಮ್ಮೆಯೂ ನಿಲ್ಲದೆ, ಹಾದು ಹೋದರು. ಹೋಗುತ್ತ ಕೈ ಬೇರೆ ಬೀಸಿದರು!

ಇವರು ಮೊದಲು ಎಲೆಕ್ಟ್ರಾನಿಕ್ ಸಿಟಿಯ ದೊಡ್ಡ ಕಂಪನಿಯೊಂದರಲ್ಲಿ ಎಂಜಿನಿಯರ್ ಆಗಿದ್ದರು. ಗಾಜಿನ ಕಟ್ಟಡ, ಎಸಿ ಬಸ್ಸು, ಮಧ್ಯಾಹ್ನಕ್ಕೆ ನಾಲ್ಕು ಬಗೆಯ ಊಟ. ಅದನ್ನೆಲ್ಲ ಬಿಟ್ಟು ಒಬ್ಬ ಗೆಳೆಯನ ಜೊತೆ ಸೇರಿ ಪೀಣ್ಯ ದಾಟಿ ಮಾದನಾಯಕನಹಳ್ಳಿ ಕಡೆ ಒಂದು ಶೆಡ್ಡು ಬಾಡಿಗೆಗೆ ಹಿಡಿದರು. ಎಡಕ್ಕೆ ನಟ್ಟು ಬೋಲ್ಟು ತಯಾರಿಸುವವರು, ಬಲಕ್ಕೆ ಕಬ್ಬಿಣದ ಬೀರು ಮಾಡುವವರು, ಮಧ್ಯೆ ಇವರ ಆಕಾಶಯಾನ! ಅಕ್ಕ ತಡೆಯಲಿಲ್ಲ. ‘ಇವರು ಯಾವತ್ತೂ ಏನನ್ನೂ ಬೇಕು ಅಂತ ಕೇಳಿದವರಲ್ಲ ಕಣೇ. ಇದೊಂದು ಕೇಳಿದಾರೆ’ ಎಂದಳು, ಅಷ್ಟೇ.

ಶೆಡ್ಡಿನ ಮಾಲೀಕರು ಅದೇ ಹಳ್ಳಿಯ ಗೌಡರು. ಹೊಲವಿದ್ದ ಜಾಗದಲ್ಲೀಗ ಸಾಲಾಗಿ ಶೆಡ್ಡು ಕಟ್ಟಿಸಿದ್ದಾರೆ. ಅವರಿಗೆ ಈ ಬಾಡಿಗೆದಾರರ ಬಗ್ಗೆ ಗುಮಾನಿ. “ಅಲ್ಲಾ ಸ್ವಾಮಿ, ಬೀರು ಮಾಡೋರ ಕಡೆಯಿಂದ ಡಬಡಬ ಅಂತ ಸದ್ದು ಬತ್ತದೆ. ನಿಮ್ಮ ಕಡೆಯಿಂದ ಏನೂ ಇಲ್ವಲ್ಲ? ಇಂಗೆ ಸದ್ದಿಲ್ದೆ ಏನ್ ಮಾಡ್ತೀರಿ?” ಎಂದು ಒಂದು ದಿನ ಬಂದು ಕೇಳಿಯೇ ಬಿಟ್ಟರು. ಭಾವ ‘ರಾಕೆಟ್ ಎಂಜಿನ್ ಥರದ್ದು, ಗೌಡ್ರೇ’ ಎಂದರು. ಮರುದಿನ ಬೆಳಿಗ್ಗೆ ಶೆಡ್ಡಿನ ಸುತ್ತ ಮರಳು ತುಂಬಿದ ಬಕೆಟ್ಟುಗಳ ಸಾಲೇ ನಿಂತಿತ್ತು!

ಪಾಪ, ಗೌಡರ ಭಯ ಹೋಗಲಿ ಎಂದು ಭಾವ ಅವರನ್ನು ಒಳಗೆ ಕರೆದು ತೋರಿಸಿದರು. ಗಾಳಿಯನ್ನೆಲ್ಲ ಹೊರಗೆ ಎಳೆದ ಒಂದು ದೊಡ್ಡ ಸ್ಟೀಲಿನ ಡ್ರಮ್ಮು, ಅದಕ್ಕೊಂದು ದಪ್ಪ ಗಾಜಿನ ಕಿಟಕಿ. ಒಳಗೆ ಅಂಗೈಯಗಲದ ಒಂದು ಸಾಧನ. ಅದರ ಬಾಯಿಂದ ನೀಲಿ ಬೆಳಕು, ಸದ್ದಿಲ್ಲ, ಹೊಗೆಯಿಲ್ಲ. ಗೌಡರು ಕಿಟಕಿಗೆ ಮೂಗು ಒತ್ತಿ ಬಹಳ ಹೊತ್ತು ನೋಡಿದರು.

“ಇಷ್ಟೇಯಾ?” ಎಂದರು. “ನಮ್ಮನೆ ಗ್ಯಾಸ್ ಒಲೆ ಇದಕ್ಕಿಂತ ಜೋರಾಗ್ ಉರೀತದೆ!”

ಬಕೆಟ್ಟುಗಳು ಅಂದೇ ವಾಪಸ್ ಹೋದವು.

ಆ ಸಾಧನ ಏನು ಮಾಡುತ್ತದೆ ಎಂದು ನೀವು ನನ್ನನ್ನು ಕೇಳಿದರೆ ಎರಡೇ ಮಾತಿನಲ್ಲಿ ಹೇಳುತ್ತೇನೆ. ಬಿಸಿಲಿನಿಂದ ಕರೆಂಟು ಮಾಡಿಕೊಂಡು, ಆ ಕರೆಂಟಿನಿಂದ ಒಂದಿಷ್ಟೇ ಇಷ್ಟು ಗ್ಯಾಸನ್ನು ಭಯಂಕರ ವೇಗದಲ್ಲಿ ಹಿಂದಕ್ಕೆ ಎಸೆಯುತ್ತದೆ. ಉಪಗ್ರಹ ಮುಂದಕ್ಕೆ ಸರಿಯುತ್ತದೆ. ಮುಗಿಯಿತು. ನಮ್ಮ ಭಾವನನ್ನು ಕೇಳಿದಿರೋ, ಆ ದಿನದ ಬೇರೆ ಕೆಲಸಗಳನ್ನೆಲ್ಲ ಕೈಬಿಡಿ. ಹಾಗೆ ಕೇಳಿ ಕೆಟ್ಟವರಲ್ಲಿ ನಮ್ಮ ದೂರದ ನೆಂಟರೊಬ್ಬರಿದ್ದಾರೆ. ಒಂದು ಮದುವೆ ಮನೆಯಲ್ಲಿ ಭಾವನ ಪಕ್ಕದಲ್ಲಿ ನಿಂತಿದ್ದರು. ಎಲ್ಲರ ಕೈಗೂ ಅಕ್ಷತೆ ಬಂದಿತ್ತು, ಮುಹೂರ್ತಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಸುಮ್ಮನೆ ಇರಲಾರದೆ ‘ನೀವೇನು ಕೆಲಸದಲ್ಲಿದೀರಿ?’ ಎಂದರು. ಭಾವ ಅವರ ಮಣಿಕಟ್ಟು ಹಿಡಿದು ಅಂಗೈ ಬಿಡಿಸಿದರು.

“ಈ ಅಕ್ಷತೇಲಿ ನಾಲ್ಕೈದು ಕಾಳು ಬಿಟ್ಟು ಉಳಿದದ್ದು ತೆಗೀತೀನಿ ನೋಡಿ. ಹಾಂ. ಈಗ ನಿಮ್ಮ ಅಂಗೈ ಮೇಲೆ ಏನಾದ್ರೂ ಭಾರ ಗೊತ್ತಾಗ್ತಿದ್ಯಾ?”

“ಏನೂ ಇಲ್ಲ.”

“ಅಷ್ಟೇ ನಮ್ಮ ಎಂಜಿನ್ನಿನ ಬಲ!”

“ಇಷ್ಟರಲ್ಲಿ ಏನು ಅಲ್ಲಾಡುತ್ತೆ ಮಾರಾಯ್ರೇ?”

“ಇಲ್ಲಿ ಏನೂ ಇಲ್ಲ. ಅಲ್ಲಿ ಅಡ್ಡ ಬರೋದಕ್ಕೆ ಗಾಳಿ ಇಲ್ಲ, ನೆಲ ಇಲ್ಲ. ತಿಂಗಳುಗಟ್ಟಲೆ ಬಿಡದೆ ಹಿಂಗೇ ತಳ್ತಾ ಇದ್ರೆ…”

ಅಷ್ಟರಲ್ಲಿ ಗಟ್ಟಿಮೇಳ ಮೊಳಗಿತು. ಇಡೀ ಛತ್ರ ಅಕ್ಷತೆ ಎಸೆಯಿತು. ನೆಂಟರು ಕೈ ಎತ್ತಲು ಹೋದರೆ ಭಾವ ಮಣಿಕಟ್ಟು ಬಿಡಲಿಲ್ಲ. ‘ಸ್ವಲ್ಪ ತಡೀರಿ, ತಳ್ಳೋದು ಇನ್ನೂ ಮುಗಿದಿಲ್ಲ’ ಎಂದರಂತೆ! ಕೊನೆಗೆ ಇಬ್ಬರೂ ಊಟದ ಪಂಕ್ತಿಗೆ ಹೋಗಿ, ಹೋಳಿಗೆ ಬಾಯಿಗಿಟ್ಟುಕೊಂಡಿದ್ದ ಮದುಮಗನ ತಲೆಗೆ ಆ ಅಕ್ಷತೆ ಹಾಕಿ ಬಂದರು.

ನಮ್ಮ ಅಪಾರ್ಟ್‌ಮೆಂಟಿನ ಸಂಘದವರು ಅನುಭವಿಸಿದ್ದು ಇನ್ನೂ ಜಾಸ್ತಿ. ಅಂದಿನ ಸಭೆ ಸೇರಿದ್ದು ಟ್ಯಾಂಕರ್ ನೀರಿನ ಜಗಳ ಬಗೆಹರಿಸಲಿಕ್ಕೆ. ಅಧ್ಯಕ್ಷರು ಕೊನೆಯಲ್ಲಿ ಬಾಯಿತಪ್ಪಿ ‘ಮುಂದಿನ ದಿನಗಳಲ್ಲಿ ಏನೇನು ಆಗಬೇಕು ಅಂತ ಯಾರಿಗಾದ್ರೂ ಹೇಳೋದಿದ್ರೆ ಹೇಳಿ’ ಎಂದರು. ನಮ್ಮ ಭಾವ ಎದ್ದು ನಿಂತರು. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು.

“ಮುಂದಿನ ದಿನಗಳಲ್ಲಿ,” ಎಂದು ಶುರು ಮಾಡಿದರು, “ರಾಕೆಟ್ಟು ಎಲ್ಲಾ ಉಪಗ್ರಹಗಳನ್ನೂ ಒಂದೇ ಸ್ಟಾಪಿನಲ್ಲಿ ಇಳಿಸಿಬಿಡುತ್ತೆ. ಅಲ್ಲಿಂದ ಪ್ರತಿಯೊಂದೂ ಇಂಥ ಎಂಜಿನ್ನಿನಿಂದ ತನ್ನ ತನ್ನ ಜಾಗಕ್ಕೆ ತಾನೇ ಹೋಗುತ್ತೆ. ಕೆಟ್ಟು ನಿಂತ ಉಪಗ್ರಹನ ಇನ್ನೊಂದು ಉಪಗ್ರಹ ಹೋಗಿ ಟೋಯಿಂಗ್ ಮಾಡುತ್ತೆ. ಗ್ಯಾಸ್ ಮುಗಿದದ್ದಕ್ಕೆ ಮೇಲೇ ಗ್ಯಾಸ್ ತುಂಬ್ತಾರೆ. ಇನ್ನು ಕೆಲವು ಭೂಮಿಗೆ ಬಹಳ ಹತ್ತಿರ, ತೆಳು ಗಾಳಿ ಇರೋ ಕಡೆ ಹಾರ್ತವೆ. ಅವಕ್ಕೆ ಗ್ಯಾಸೇ ಬೇಡ, ಆ ಗಾಳೀನೇ ನುಂಗಿ ಹಿಂದಕ್ಕೆ ಉಗುಳ್ತವೆ. ಮಂಗಳನ ಆಚೆ ಇರೋ ಬಂಡೆಗಳಿಗೂ ಹಿಂಗೇ ಮೆಲ್ಲಗೆ ಹೋಗಬಹುದು. ಚಂದ್ರನಿಗೆ ಸಾಮಾನು ಸಾಗಿಸೋದಂತೂ ಪೂರ್ತಿ ಇದರಲ್ಲೇ.”

ಹಿಂದಿನ ಕುರ್ಚಿಯಿಂದ ನಮ್ಮಮ್ಮ ಕೇಳಿದಳು: “ಚಂದ್ರಂಗೆ ಮುಟ್ಟಾಕೆ ಎಷ್ಟು ದಿನ ಹಿಡೀತೈತಿ ಅಳಿಯಂದ್ರೆ?”

“ತಿಂಗಳುಗಟ್ಟಲೆ ಅತ್ತೆ.”

“ಅಷ್ಟೊತ್ತಿಗೆ ತರಕಾರಿ ಕೊಳ್ತು ಹೋಗಂಗಿಲ್ಲೇನು?”

ಎಲ್ಲರೂ ನಕ್ಕರು. ಭಾವ ನಗಲಿಲ್ಲ. ಆ ಪ್ರಶ್ನೆಯನ್ನು ನಿಜಕ್ಕೂ ಯೋಚಿಸಿದರು. “ಒಳ್ಳೇ ಮಾತು ಅತ್ತೆ. ತರಕಾರಿ, ಮನುಷ್ಯರು ಇಬ್ಬರೂ ಜೋರಾಗಿ ಹೋಗೋ ರಾಕೆಟ್ಟಲ್ಲಿ. ಅಕ್ಕಿ, ಬೇಳೆ, ಉಪ್ಪಿನಕಾಯಿ ನಮ್ಮದ್ರಲ್ಲಿ” ಎಂದರು. ಅಮ್ಮನಿಗೆ ಸಮಾಧಾನವಾಯಿತು. ಟ್ಯಾಂಕರ್ ಜಗಳ ಇವತ್ತಿಗೂ ಬಗೆಹರಿದಿಲ್ಲ!

ತಮಾಷೆ ಸಾಕು, ಒಂದು ವಿಷಯ ನೆಟ್ಟಗೆ ಹೇಳಬೇಕು. ಇಷ್ಟೆಲ್ಲ ಭವಿಷ್ಯ ಹೇಳುವ ಮನುಷ್ಯನ ಕೈಯಲ್ಲಿ ಆಗ ಇದ್ದದ್ದು ಒಂದೇ ಒಂದು ಅವಕಾಶ. ಕೆರೆ, ಬೆಳೆಗಳ ಫೋಟೋ ತೆಗೆಯುವ ಒಂದು ಪುಟ್ಟ ಉಪಗ್ರಹಕ್ಕೆ ಇವರ ಎಂಜಿನ್ ಹಾಕಲು ವೈಟ್‌ಫೀಲ್ಡಿನ ಕಂಪನಿಯೊಂದು ಒಪ್ಪಿತ್ತು. ಅದು ಕೆಲಸ ಮಾಡಿದರೆ ಇನ್ನೂ ನಾಲ್ಕು ಜನ ನಂಬುತ್ತಾರೆ. ಮಾಡದಿದ್ದರೆ ಶೆಡ್ಡು ಬೀರುಗಳ ಗೋಡೌನ್ ಆಗುತ್ತದೆ. ಭಾವ ಅದಕ್ಕೆ ಮೂರು ಕೆಲಸ ಹೇಳಿದ್ದರು. ಉಪಗ್ರಹವನ್ನು ಮೇಲಕ್ಕೇರಿಸುವುದು, ಅಲ್ಲಿ ನೆಟ್ಟಗೆ ಇಟ್ಟುಕೊಳ್ಳುವುದು, ಕೆಲಸ ಮುಗಿದ ಮೇಲೆ ಕೆಳಗಿಳಿಸಿ ಗಾಳಿಯಲ್ಲಿ ಉರಿದುಹೋಗುವಂತೆ ಮಾಡುವುದು. ಮೊದಲೆರಡನ್ನು ಎಲ್ಲರೂ ಕೇಳುತ್ತಿದ್ದರು. ಮೂರನೆಯದನ್ನು ಯಾರೂ ಕೇಳುತ್ತಿರಲಿಲ್ಲ. ಭಾವನಿಗೆ ಅದರ ಮೇಲೇ ಜೀವ. ‘ಹಾರಿಸಿದವರೇ ಇಳಿಸಬೇಕು. ಆಗಲೇ ಕೆಲಸ ಪೂರ್ತಿ’ ಎನ್ನುತ್ತಿದ್ದರು.

ಆ ಎಂಜಿನ್ ಸಿದ್ಧವಾಗುವ ಹೊತ್ತಿಗೆ ಆಯುಧ ಪೂಜೆ ಬಂತು. ಪೀಣ್ಯದ ಕಡೆ ಆಯುಧ ಪೂಜೆ ಎಂದರೆ ಕೇಳಬೇಕೆ? ಲೇಥು, ಡ್ರಿಲ್ಲು, ತಕ್ಕಡಿ, ಟೆಂಪೋ, ಎಲ್ಲಕ್ಕೂ ಚೆಂಡುಹೂವಿನ ಮಾಲೆ. ಇವರ ಶೆಡ್ಡಿನಲ್ಲೂ ಪೂಜೆ, ನಾವೆಲ್ಲ ಹೋಗಿದ್ದೆವು. ಬೂದುಕುಂಬಳಕಾಯಿ ಒಡೆಯಲು ಎಲ್ಲರೂ ಬಾಗಿಲಿಗೆ ಹೋದಾಗ ಅಮ್ಮ ಒಬ್ಬಳೇ ಹಿಂದೆ ಉಳಿದಳು. ಒಳಗಿನ ಒಂದು ಕೋಣೆಗೆ ಟೋಪಿ, ಗೌನು, ಕೈಗವಸು ಹಾಕಿಕೊಳ್ಳದೆ ಯಾರೂ ಹೋಗುವಂತಿಲ್ಲ, ಒಂದು ಕಣ ಧೂಳೂ ಅಲ್ಲಿ ಇರಕೂಡದು. ಅಮ್ಮ ಭಕ್ತಿಯಿಂದ ಚಪ್ಪಲಿ ಬಿಟ್ಟು ಒಳಗೆ ಹೋದಳು. ಬಿಳಿ ಮೇಜಿನ ಮೇಲೆ ಗಾಜಿನ ಮುಚ್ಚಳದ ಕೆಳಗೆ ಎಂಜಿನ್ ಇತ್ತು. ಮುಚ್ಚಳ ತೆಗೆದು, ಅರಿಸಿನ, ಕುಂಕುಮ, ಮೇಲೊಂದು ಸೇವಂತಿಗೆ!

ಭಾವನ ಗೆಳೆಯ ಬಂದು ನೋಡಿದವನು ಕೂಗಿದ ಕೂಗಿಗೆ ಬೀರು ಮಾಡುವವರೂ ಮಂಗಳಾರತಿ ನಿಲ್ಲಿಸಿದರಂತೆ. ಭಾವ ಬಂದರು. ಇವತ್ತಾದರೂ ಇವರಿಗೆ ಸಿಟ್ಟು ಬರಬಹುದೇ?

“ಅತ್ತೆ, ಇದಕ್ಕ್ಯಾಕೆ ಇಟ್ರಿ?”

“ಅಲ್ಲಪ್ಪಾ, ಲೇಥಿಗೆ ಇಟ್ರಿ, ಕಂಪ್ಯೂಟರಿಗೆ ಇಟ್ರಿ, ಬಾಗ್ಲಾಗಿನ ಬೀಗಕ್ಕೂ ಇಟ್ರಿ. ಮ್ಯಾಲೆ ಹೋಗೋ ಕೂಸಿಗೆ ಮಾತ್ರ ಇಡ್ಲಿಲ್ಲ. ಬರೀ ಹಣೀಲಿ ಕಳಸ್ತಾರೇನು?”

ಭಾವ ಆ ಸೇವಂತಿಗೆಯನ್ನು ಎರಡು ಬೆರಳಲ್ಲಿ ಎತ್ತಿ ಅಮ್ಮನ ಕೈಗೆ ಕೊಟ್ಟರು. “ನೀವು ಇಟ್ಟದ್ದು ಅದಕ್ಕೆ ಸೇರ್ತು ಅತ್ತೆ. ಇನ್ನು ನಾವು ಒರೆಸ್ತೀವಿ, ಬೇಜಾರು ಮಾಡ್ಕೋಬೇಡಿ” ಎಂದರು. ಒರೆಸುವುದೆಂದರೆ ಬಟ್ಟೆ ತೆಗೆದುಕೊಂಡು ಒರೆಸುವುದಲ್ಲ. ಪೂರ್ತಿ ಬಿಚ್ಚಿ, ಪ್ರತಿ ತೂತನ್ನೂ ತೊಳೆದು, ಮತ್ತೆ ಜೋಡಿಸಿ, ಮತ್ತೆ ಆ ಡ್ರಮ್ಮಿನಲ್ಲಿಟ್ಟು ಪರೀಕ್ಷೆ ಮಾಡಲು ವಾರಗಳೇ ಹಿಡಿದವು. ಗೆಳೆಯ ದಿನವೂ ಶಪಿಸಿದ. ಭಾವ ಅಮ್ಮನಿಗೆ ಒಂದು ದಿನವೂ ಅದನ್ನು ಹೇಳಲಿಲ್ಲ. ಅದರ ಬದಲು ಪರೀಕ್ಷೆಯಲ್ಲಿ ಸುಟ್ಟುಹೋಗಿದ್ದ ಒಂದು ಹಳೆಯ ಎಂಜಿನ್ನನ್ನು ಬಾಗಿಲ ಹತ್ತಿರದ ಗೂಡಿನಲ್ಲಿಟ್ಟು, ‘ಅತ್ತೆ, ಇವರು ಮನೆಗೆ ಹಿರಿಯರು. ಇವರಿಗೆ ಎಷ್ಟು ಬೇಕಾದರೂ ಕುಂಕುಮ ಇಡಿ’ ಎಂದರು. ಇಂಥವರನ್ನು ಎಷ್ಟೂಂತ ರೇಗಿಸುವುದು ಹೇಳಿ!

ರಾಕೆಟ್ಟು ಹಾರಿದ ದಿನ ನಮ್ಮ ಕಟ್ಟಡದ ಅರ್ಧ ಜನ ಅಕ್ಕನ ಮನೆಯ ಟಿವಿ ಮುಂದೆ. ಬೆಂಕಿ, ಹೊಗೆ, ಗುಡುಗು, ಚಪ್ಪಾಳೆ. ಅಮ್ಮ ಕಣ್ಣು ಮುಚ್ಚಿ ಕೈಮುಗಿದಿದ್ದಳು. ಭಾವ ಮಾತ್ರ ಸೋಫಾದ ತುದಿಯಲ್ಲಿ ಕೂತು ಉಗುರು ನೋಡಿಕೊಳ್ಳುತ್ತಿದ್ದರು. ‘ಭಾವಾ, ನೋಡ್ರೀ, ಹಾರ್ತು!’ ಎಂದೆ. ‘ಹೂಂ, ಇದೆಲ್ಲ ಬರೀ ಗಲಾಟೆ. ನಮ್ಮದು ಇನ್ನು ಶುರುವಾಗ್ಬೇಕು’ ಎಂದರು. ಸಿಹಿ ಹಂಚಿ ಜನ ಎಲ್ಲ ಮನೆಗೆ ಹೋದ ಮೇಲೆ ಅವರ ಕೆಲಸ ಶುರುವಾಯಿತು. ಅದೂ ಹೇಗೆ? ಸುಮ್ಮನೆ ಕಾಯುವುದರಿಂದ! ಎಂಜಿನ್ನಿನೊಳಗೆ ಅಂಟಿರುವ ತೇವ ಪೂರ್ತಿ ಆರುವ ತನಕ ಹೊತ್ತಿಸಬಾರದಂತೆ. ವೈಟ್‌ಫೀಲ್ಡಿನಿಂದ ದಿನವೂ ಫೋನು. ಗೆಳೆಯ ‘ಗುರು, ಒಂದ್ಸಲ ಹಚ್ಚಿ ನೋಡೇಬಿಡೋಣ’ ಎನ್ನುತ್ತಿದ್ದ. ನಾನು ಕೂಡ ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ‘ಆಯ್ತಾ ಭಾವ?’ ಎಂದು ಪ್ರಾಣ ತೆಗೆದೆ. ಅವರು ಕಾಫಿ ಆರಿಸಿದ ಹಾಗೇ ಅದನ್ನೂ ಆರಿಸಿದರು.

ಒಂದು ಸಂಜೆ ಮನೆಗೆ ಬಂದು ಚಪ್ಪಲಿ ಬಿಡುತ್ತ ಅಮ್ಮನಿಗೆ ಹೇಳಿದರು: “ಉರೀತು ಅತ್ತೆ.”

ಅಷ್ಟೇ. ಇನ್ನೊಬ್ಬರಾಗಿದ್ದರೆ ಪಟಾಕಿ ಹೊಡೆಯುತ್ತಿದ್ದರು. ಇವರು ಕೈಕಾಲು ತೊಳೆದು ಊಟಕ್ಕೆ ಕೂತರು. ಆದರೆ ಅಕ್ಕ ನನಗೆ ಆಮೇಲೆ ಹೇಳಿದಳು, ಅವತ್ತು ಸಾರೆಂದು ಲೋಟದ ನೀರನ್ನೇ ಅನ್ನಕ್ಕೆ ಸುರಿದುಕೊಂಡು ಕಲಸಿ ಉಂಡರಂತೆ.

ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಕಟ್ಟಡದ ಹೊಸ ದಿನಚರಿ! ರಾಕೆಟ್ಟು ಉಪಗ್ರಹವನ್ನು ಬಿಟ್ಟಿದ್ದು ತಗ್ಗಿನಲ್ಲಿ. ಅಲ್ಲಿಂದ ಅದು ದಿನಾ ಒಂದಿಷ್ಟಿಷ್ಟೇ ಏರಬೇಕು. ಅಮ್ಮ ದಿನವೂ ‘ಇವತ್ತು ಕೂಸು ಎಷ್ಟು ಮ್ಯಾಲೆ ಹೋತು?’ ಎಂದು ಕೇಳುವಳು. ‘ನಮ್ಮಂಥ ನೂರು ಕಟ್ಟಡದಷ್ಟು ಅತ್ತೆ.’ ‘ಇವತ್ತು ಇನ್ನೂರು ಕಟ್ಟಡ.’ ‘ಇವತ್ತು ಏನೂ ಇಲ್ಲ, ರೆಸ್ಟು.’ ಅಮ್ಮ ಈ ಸುದ್ದಿಯನ್ನು ಲಿಫ್ಟಿನಲ್ಲಿ ಹಂಚುವಳು. ವಾಕಿಂಗಿಗೆ ಹೋಗುವ ಹೆಂಗಸರು ಹವಾಮಾನ ಕೇಳಿದ ಹಾಗೆ ಕೇಳುವರು. ಧಾರವಾಡದಲ್ಲಿ ಓದುತ್ತಿರುವ ಅಕ್ಕನ ಮಗಳು ಫೋನಿನಲ್ಲಿ ‘ಅಪ್ಪಾ, ನೀನು ನನಗಿಂತ ಜಾಸ್ತಿ ಅದನ್ನೇ ವಿಚಾರಿಸ್ಕೋತೀಯ’ ಎಂದು ಮುನಿಸಿಕೊಂಡಳು. ಭಾವ ಯೋಚಿಸಿ, ‘ನೀನು ಉತ್ತರ ಕೊಡ್ತೀಯ ಮಗಳೇ, ಅದು ದಿನಕ್ಕೆ ಎರಡು ಮೂರು ಸಲ ಮಾತ್ರ ಕೊಡುತ್ತೆ’ ಎಂದರು.

ಹೀಗೆ ಏರಿ ಏರಿ ಅದು ಸೇರಬೇಕಾದ ಎತ್ತರ ಸೇರಿತು. ಮೊದಲ ಕೆಲಸ ಮುಗಿಯಿತು. ಅಲ್ಲಿ ನೆಟ್ಟಗೆ ನಿಂತು ಕೆರೆಗಳ ಫೋಟೋ ಕಳಿಸತೊಡಗಿತು, ಎರಡನೆಯದೂ ಆಯಿತು. ಶೆಡ್ಡಿಗೆ ಜನ ಬಂದು ಹೋಗಲು ಶುರುವಾಯಿತು. ಕಾಲ ಕಳೆಯಿತು, ಗ್ಯಾಸು ಕಮ್ಮಿಯಾಯಿತು. ಆಗ ಎದ್ದಿತು ಮೂರನೆಯ ಕೆಲಸದ ತಕರಾರು.

ವೈಟ್‌ಫೀಲ್ಡಿನ ಕಂಪನಿಯ ಮುಖ್ಯಸ್ಥೆಯ ವಾದ ಸರಳವಾಗಿತ್ತು. ಉಪಗ್ರಹ ಗಟ್ಟಿಮುಟ್ಟಾಗಿದೆ, ಗಿರಾಕಿಗಳು ಫೋಟೋ ಕೇಳುತ್ತಿದ್ದಾರೆ. ಉಳಿದ ಗ್ಯಾಸಿನಲ್ಲಿ ಅದನ್ನು ಬೇಕಾದ ಕಡೆಗೆ ಸರಿಸಿ ಇನ್ನಷ್ಟು ಕೆಲಸ ತೆಗೆಯೋಣ. ಗ್ಯಾಸ್ ಮುಗಿದ ಮೇಲೆ ಅದು ಅಲ್ಲೇ ಸುತ್ತಿಕೊಂಡಿರಲಿ, ಯಾರಿಗೇನು ನಷ್ಟ? ಭಾವನ ಗೆಳೆಯನೂ ಅವರ ಕಡೆಗೇ ವಾಲಿದ. “ಗುರು, ಮುಂದಿನ ಆರ್ಡರ್ ಅವರ ಕೈಲೇ ಇದೆ. ಸುಮ್ನೆ ಎದುರು ಹಾಕ್ಕೋಬೇಡ ಕಣೋ” ಎಂದ. ಭಾವ ‘ಇಳಿಸ್ತೀವಿ ಅಂತ ಹೇಳಿದೀವಲ್ಲ’ ಎಂದರು. ಜಗಳವಾಡಲಿಲ್ಲ, ಕೂಗಾಡಲಿಲ್ಲ. ಆ ಮೇಡಂಗೆ ಫೋನ್ ಮಾಡಿ, ‘ಒಂದು ಸಲ ನಮ್ಮ ಕಡೆ ಟೀ ಕುಡಿಯೋಕೆ ಬನ್ನಿ ಮೇಡಂ’ ಎಂದು ಕರೆದರು. ಬರಲಿಲ್ಲ. ಮರುವಾರ ಮತ್ತೆ ಕರೆದರು. ಅದರ ಮರುವಾರವೂ ಕರೆದರು. ತಡೆಯಲಾರದೆ ಅವರು ವೈಟ್‌ಫೀಲ್ಡಿನಿಂದ ಊರಿನ ಈ ತುದಿಗೆ ಬಂದೇಬಿಟ್ಟರು.

ಭಾವ ಅವರನ್ನು ಶೆಡ್ಡಿಗೆ ಕರೆದೊಯ್ಯಲಿಲ್ಲ. ರಸ್ತೆ ಬದಿಯ ಟೀ ಅಂಗಡಿಗೆ ಕರೆದೊಯ್ದರು. ಅದರ ಎದುರಿಗೇ ಒಂದು ಸತ್ತ ಲಾರಿ. ಯಾರೋ ಯಾವಾಗಲೋ ಬಿಟ್ಟುಹೋದದ್ದು. ಟೈರುಗಳಿಲ್ಲ, ಗಾಜುಗಳಿಲ್ಲ, ಡ್ರೈವರ್ ಸೀಟಿನಲ್ಲಿ ಒಂದು ಅತ್ತಿಗಿಡ ಬೆಳೆದು ಕಿಟಕಿಯಿಂದ ಕೈ ಹೊರಗೆ ಹಾಕಿತ್ತು. ಅರ್ಧ ರಸ್ತೆ ಅದರದ್ದೇ. ಉಳಿದರ್ಧದಲ್ಲಿ ಎರಡೂ ಕಡೆಯ ಗಾಡಿಗಳು ಹಾರ್ನ್ ಹೊಡೆದುಕೊಂಡು ಕಿತ್ತಾಡುತ್ತಿದ್ದವು. ಒಂದು ಟೆಂಪೋ ಲಾರಿಯನ್ನು ಸವರಿ ಹೋಗಿ ಕನ್ನಡಿ ಕಳೆದುಕೊಂಡಿತು. ಮೇಡಂ ಟೀ ಕುಡಿದು ಮುಗಿಸಿದರು. ಅವರ ಕಾರು ಆ ಗಲಾಟೆಯ ಹಿಂದೆ ಸಿಕ್ಕಿಕೊಂಡಿತ್ತು. ಇನ್ನೊಂದು ಟೀ ಕುಡಿದರು. ಕಾರು ಅಲ್ಲೇ ಇತ್ತು.

“ಇದನ್ನ ಯಾರೂ ತೆಗೆಯಲ್ವಾ?” ಎಂದು ರೇಗಿದರು.

“ಯಾರದ್ದು ಅಂತಾನೇ ಗೊತ್ತಿಲ್ಲ ಮೇಡಂ,” ಎಂದರು ಭಾವ. “ಬಿಟ್ಟೋದವ್ರು ‘ಅಲ್ಲೇ ಇರ್ಲಿ, ಯಾರಿಗೇನು ನಷ್ಟ’ ಅಂದ್ಕೊಂಡ್ರೋ ಏನೋ.”

ಮೇಡಂ ಲಾರಿ ನೋಡಿದರು, ಅತ್ತಿಗಿಡ ನೋಡಿದರು, ಭಾವನನ್ನು ನೋಡಿದರು. ಆಮೇಲೆ ಜೋರಾಗಿ ನಕ್ಕುಬಿಟ್ಟರಂತೆ. “ನೀವು ಮಹಾ ಹಠಮಾರಿ ಕಣ್ರೀ! ಆಯ್ತು, ಇಳಿಸಿ” ಎಂದರಂತೆ. ಹೀಗೆ ಒಂದು ಉಪಗ್ರಹದ ಹಣೆಬರಹ ಪೀಣ್ಯದಾಚೆಯ ಟೀ ಅಂಗಡಿಯಲ್ಲಿ ತೀರ್ಮಾನವಾಯಿತು!

ಎಂಜಿನ್ನನ್ನು ಈಗ ಉಲ್ಟಾ ದಿಕ್ಕಿಗೆ ತಿರುಗಿಸಿದರು. ಏರಿಸಿದ ಹಾಗೇ, ಅಷ್ಟೇ ಮೆಲ್ಲಗೆ, ಇಳಿಸತೊಡಗಿದರು. ಮೊದಮೊದಲು ಅಮ್ಮ ಎಂದಿನಂತೆ ಕೇಳುತ್ತಿದ್ದಳು, ಭಾವ ‘ಇವತ್ತು ಮುನ್ನೂರು ಕಟ್ಟಡ ಇಳೀತು ಅತ್ತೆ’ ಎನ್ನುತ್ತಿದ್ದರು. ಬರಬರುತ್ತ ಅಮ್ಮ ಕೇಳುವುದನ್ನು ಬಿಟ್ಟಳು. ಲಿಫ್ಟಿನಲ್ಲಿ ಯಾರಾದರೂ ವಿಚಾರಿಸಿದರೆ ‘ಐತಿ, ಇನ್ನೂ ಐತಿ’ ಎಂದಷ್ಟೇ ಹೇಳಿ ಬಾಗಿಲ ಕಡೆ ನೋಡುವಳು. ಕೊನೆಗೆ ಗ್ಯಾಸೂ ಮುಗಿಯಿತು. ಅಷ್ಟು ತಗ್ಗಿಗೆ ಬಂದ ಮೇಲೆ ಗಾಳಿಯೇ ಅದನ್ನು ಎಳೆದುಕೊಳ್ಳುತ್ತದಂತೆ. ನಾವು ಮಾಡುವುದೇನೂ ಇಲ್ಲ.

ಅವತ್ತು ಭಾನುವಾರ. ನಾನ್ಯಾಕೋ ಬೆಳಿಗ್ಗೆಯೇ ಮೇಲೆ ಹೋಗಿದ್ದೆ. ಭಾವ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತಿದ್ದರು. ಬೆಂಗಳೂರಿನ ಮೇಲೆ ಹಾದು ಹೋಗುವಾಗ ಅದು ಒಂದು ಸಂಕೇತ ಕಳಿಸಬೇಕು. ಹಿಂದಿನ ದಿನ ಸಂಜೆ ಕಳಿಸಿತ್ತು. ಆ ಬೆಳಿಗ್ಗೆಯ ಹೊತ್ತು ಬಂತು, ಕಳಿಸಲಿಲ್ಲ. ಏನಾದರೂ ಕೀಟಲೆ ಮಾಡಬೇಕೆಂದುಕೊಂಡಿದ್ದವಳು ಕುರ್ಚಿ ಎಳೆದು ಅವರ ಪಕ್ಕ ಕೂತೆ. ಸ್ವಲ್ಪ ಹೊತ್ತಿಗೆ ಫೋನ್ ಬಂತು. ಗೆಳೆಯ. ಆಕಾಶದ ಮೇಲೆ ಕಣ್ಣಿಟ್ಟಿರುವವರು ಖಚಿತಪಡಿಸಿದ್ದರಂತೆ, ಎಲ್ಲೋ ಸಮುದ್ರದ ಮೇಲೆ ಪೂರ್ತಿ ಉರಿದುಹೋಗಿತ್ತು, ಒಂದು ಚೂರೂ ಉಳಿದಿರಲಿಲ್ಲ. “ಮಚ್ಚಾ, ಮೂರೂ ಆಯ್ತು ಕಣೋ! ಗೆದ್ವಿ!” ಎಂದು ಅವನು ಕೂಗುತ್ತಿದ್ದದ್ದು ನನಗೂ ಕೇಳಿಸಿತು. ಭಾವ ‘ಹೂಂ ಕಣೋ, ಗೆದ್ವಿ’ ಎಂದು ಫೋನ್ ಇಟ್ಟರು. ಲ್ಯಾಪ್‌ಟಾಪ್ ಮುಚ್ಚಲಿಲ್ಲ. ಬರದ ಸಂಕೇತದ ಖಾಲಿ ಪರದೆಯನ್ನೇ ನೋಡುತ್ತ ಕೂತರು.

ಅಕ್ಕ ಉಪ್ಪಿಟ್ಟಿನ ತಟ್ಟೆ ತಂದು ಮುಂದಿಟ್ಟಳು. ಅಮ್ಮ ಅಡುಗೆಮನೆಯಿಂದ ಬಂದು ಆ ತಟ್ಟೆಯನ್ನು ಎತ್ತಿಕೊಂಡಳು.

“ಯಾಕಮ್ಮಾ?” ಎಂದಳು ಅಕ್ಕ.

“ನೀರು ಕಾಸಿಟ್ಟೀನಿ,” ಎಂದಳು ಅಮ್ಮ, ಭಾವನಿಗೆ. “ಮೊದ್ಲು ಹೋಗಿ ತಲೀ ಮ್ಯಾಲೆ ನೀರು ಹಾಕ್ಕೊಂಡು ಬರ್ರಿ. ಮನೀ ಕೂಸು ಹೋಗೈತಿ. ಹಂಗೇ ಕುಂತು ತಿಂತಾರೇನು?”

ನನಗೆ ನಗು ಬರಬೇಕಿತ್ತು. ಲೋಹ, ತಂತಿ, ಗಾಜು ಸೇರಿಸಿ ಮಾಡಿದ್ದಕ್ಕೆ ಸಾವಿನ ಸ್ನಾನವೇ? ಭಾವ ಈಗ ಅಮ್ಮನಿಗೆ ಮೆಲ್ಲಗೆ, ಬೇಜಾರಾಗದಂತೆ, ಎಲ್ಲ ವಿವರಿಸುತ್ತಾರೆ ಎಂದು ಕಾದೆ. ಅವರು ‘ಆಯ್ತು ಅತ್ತೆ’ ಎಂದು ಎದ್ದರು. ನಾನು ನೋಡಿದ ಇಷ್ಟು ವರ್ಷಗಳಲ್ಲಿ ಮೊದಲ ಸಲ ನಮ್ಮ ಭಾವ ಅವಸರದಿಂದ ನಡೆದರು. ಟವೆಲ್ ಕೂಡ ತೆಗೆದುಕೊಳ್ಳದೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರು.

ಒಂದು ಚೊಂಬು ನೀರು ಬಿದ್ದ ಸದ್ದು ಕೇಳಿಸಿತು. ಎರಡನೆಯ ಚೊಂಬು ಬೀಳಲಿಲ್ಲ. ಅಮ್ಮ ಟವೆಲ್ ಹಿಡಿದು ಬಾಗಿಲ ಹೊರಗೆ ನಿಂತಿದ್ದಳು. ಒಳಗಿಂದ ಬಂದ ಸದ್ದು ನಮಗೆಲ್ಲ ಕೇಳಿಸಿತು. ಅಕ್ಕ ಗೋಡೆಯ ಕಡೆ ತಿರುಗಿದಳು.

“ಅಳ್ರಿ, ಏನಾಗಂಗಿಲ್ಲ,” ಎಂದಳು ಅಮ್ಮ ಬಾಗಿಲಿಗೆ. “ಅತ್ತು, ಇನ್ನೊಂದು ಚೊಂಬು ಹಾಕ್ಕೊಳ್ರಿ. ಅವಸರಿಲ್ಲ.”

ಭಾವನ ನಂತರ ಅಕ್ಕ ಹೋದಳು, ಅಕ್ಕನ ನಂತರ ಅಮ್ಮ. ನನಗೆ ಯಾರೂ ಏನೂ ಹೇಳಲಿಲ್ಲ. ನಾನು ಮೆಟ್ಟಿಲಿಳಿದು ನನ್ನ ಮನೆಗೆ ಬಂದು, ನೀರು ಕಾಯುವ ತನಕ ಸುಮ್ಮನೆ ನಿಂತಿದ್ದು, ತಲೆಯ ಮೇಲೆ ಸುರಿದುಕೊಂಡೆ.